ಅಡಿಗೆಮನೆಗೆ ಕೇಳುವಷ್ಟು

ಕಪ್ಪತಗುಡ್ಡ, ಗಾಳಿಕಾವಲು ಕಟ್ಟೆ
ಫೆಬ್ರವರಿ 30, 2113

ಪ್ರೀತಿಯ ಗುರುಸಿದ್ದಪ್ಪ ಮುತ್ಯಾ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ದಿನಗಳನ್ನು ಹೊಸದಾಗಿ ಹಂಚಿದ್ದಾರೆ. ಪಾಪದ ಫೆಬ್ರವರಿಗೂ ಕೊನೆಗೊಮ್ಮೆ ನ್ಯಾಯ ಸಿಕ್ಕಿದೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಂಡೀತು. ಕೆಲವು ಮಾತುಗಳು ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಕೆಲವನ್ನು ನಾವು ಕಳೆದುಕೊಂಡಿದ್ದೇವೆ. ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಿಮ್ಮ ಮೊಮ್ಮಗಳ ಮೊಮ್ಮಗಳು, ಗಾಳೆವ್ವ. ನೀವು ಗದಗಿನ ಮನೆಯಲ್ಲಿ ಕೈಯಾರೆ ಕಟ್ಟಿದ ಆಂಪ್ಲಿಫೈಯರ್ ಈಗ ನನ್ನ ಹತ್ತಿರ ಇದೆ. ನೀವು ಅದಕ್ಕೆ ಡಿಜಿಟಲ್ ಪ್ಲೇಯರ್ ಕೂಡಿಸಲು ಇದೀಗ ಕೂತಿದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮಲ್ಲಿ ಪ್ರತಿಯೊಬ್ಬರೂ ಜೀವನದಲ್ಲಿ ಒಂದು ಸಲ ಗಾಳಿಪಾಳಿ ಮಾಡಬೇಕು. ಅಂದರೆ, ನೀವು ದೂರದಿಂದ ‘ಫ್ಯಾನು’ ಎಂದು ತೋರಿಸುವ ಗುಡ್ಡದ ಗಾಳಿಯಂತ್ರಗಳನ್ನು ಒಂದು ವರ್ಷ ಒಬ್ಬರೇ ಕಾಯುವುದು. ಹೆಸರೇ ಗಾಳೆವ್ವ ಎಂದಮೇಲೆ ಇವಳನ್ನು ಇನ್ನೆಲ್ಲಿಗೆ ಕಳಿಸುತ್ತಾರೆ ಎಂದು ಮನೆಯವರು ನಕ್ಕರು. ಬೆಳಿಗ್ಗೆ ಯಂತ್ರಗಳನ್ನು ನೋಡಿ ಬರುತ್ತೇನೆ, ಮಧ್ಯಾಹ್ನ ರೊಟ್ಟಿ ಬಡಿಯುತ್ತೇನೆ. ಆಗಾಗ ಬುತ್ತಿಹಕ್ಕಿ, ಅಂದರೆ ಊಟದ ಸಾಮಾನು ತರುವ ಪುಟ್ಟ ವಿಮಾನ, ಬಂದು ಜೋಳದ ಹಿಟ್ಟು, ಶೇಂಗಾ ಚಟ್ನಿ ಇಳಿಸಿ ಹೋಗುತ್ತದೆ. ಅದರಲ್ಲಿ ಮನುಷ್ಯರು ಇರುವುದಿಲ್ಲ. ಊರಿನಲ್ಲಿದ್ದಾಗಲೂ ಬಹಳ ಬೇರೆಯೇನಿರಲಿಲ್ಲ ಅನ್ನಿ. ಕೂಸಿಗೆ ಕಿವಿ ಚುಚ್ಚುವ ದಿನವೇ ನಮ್ಮಲ್ಲಿ ಕಿವಿಬೀಜವನ್ನೂ ಇಡುತ್ತಾರೆ. ಸಾಸಿವೆಯಷ್ಟು ಚಿಕ್ಕದು, ಹಾಡು, ಸುದ್ದಿ, ಜೋಗುಳ ಎಲ್ಲ ಅದರೊಳಗೇ, ಅವರವರ ಕಿವಿಗಷ್ಟೇ. ಒಂದೇ ಕೋಣೆಯಲ್ಲಿ ಕೂತಿದ್ದರೂ ಒಬ್ಬರ ಹಾಡು ಇನ್ನೊಬ್ಬರಿಗೆ ಗೊತ್ತಾಗದು. ಸದ್ದು ಜಾಸ್ತಿಯಾಯಿತೆಂದು ಪಕ್ಕದ ಮನೆಯವರು ಬೈಯುವುದೂ ನಿಂತುಹೋಗಿದೆ. ನನಗಂತೂ ಒಮ್ಮೆ ಬೈಸಿಕೊಳ್ಳುವ ಆಸೆ. ಈ ಯಂತ್ರಗಳ ನಡುವೆ ಕಿವಿಬೀಜವೂ ಕೆಲಸ ಮಾಡುವುದಿಲ್ಲ, ಅದಕ್ಕೇ ಅವ್ವ ನಿಮ್ಮ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ನನ್ನ ಜೊತೆಗೆ ಕಳಿಸಿದಳು.

ನೀವು ಇನ್ನೂ ಮಾಡಿರದ ತಪ್ಪುಗಳೆಲ್ಲ ನನಗೆ ಗೊತ್ತು ಮುತ್ಯಾ. ಪೆಟ್ಟಿಗೆಯ ಮುಂಬದಿಯ ತಗಡಿನಲ್ಲಿ ಪ್ಲೇಯರ್ ಬೋರ್ಡಿಗೆ ಕಿಂಡಿ ಮಾಡುವಾಗ ಅವಸರದಲ್ಲಿ ಅರದಿಂದ ಹೆಚ್ಚಿಗೆ ಉಜ್ಜಿ ಕಿಂಡಿ ದೊಡ್ಡದು ಮಾಡಿಬಿಡುತ್ತೀರಿ. ಬೋರ್ಡು ಅಲುಗಾಡದಿರಲಿ ಎಂದು ಸಂದಿಗೆ ಹೆಂಡತಿಯ ಇಳಕಲ್ ಸೀರೆಯ ಚೂರು ತುರುಕುತ್ತೀರಿ. ಅದನ್ನು ಕೇಳಿ ಹರಿದಿರೋ, ಕೇಳದೆಯೋ, ಮನೆತನದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿನಿಂದಲೇ ಪ್ಲೇಯರಿಗೂ ಕರೆಂಟು ಕೊಡುತ್ತೀರಿ. ಹಾಡಿನ ಹಿಂದೆ ಗುಂಯ್ ಎನ್ನುವ ಸದ್ದು ಬಂದು ತಲೆ ತಿನ್ನುತ್ತದೆ. ಕೊನೆಗೆ ಹಳೆಯ ಮೊಬೈಲ್ ಚಾರ್ಜರನ್ನು ಒಳಗೆ ಕೂರಿಸಿ ಪ್ಲೇಯರಿಗೆ ಬೇರೆ ಕರೆಂಟು ಮಾಡಿದ ಮೇಲೆ ಗುಂಯ್ ಅಡಗುತ್ತದೆ.

ಸದ್ದು ಪರೀಕ್ಷಿಸಲು ಬೇರೆಯವರಾದರೆ ಹಾಡು ಹಾಕುತ್ತಾರೆ. ನೀವು ಮೊಬೈಲಿನಲ್ಲಿ ನಿಮ್ಮದೇ ದನಿ ಹಿಡಿದು, ಪ್ಲೇಯರಿನ ಮೆಮೊರಿ ಕಾರ್ಡಿಗೆ ಹಾಕಿ, ಪೆಟ್ಟಿಗೆಯಿಂದಲೇ ಹೆಂಡತಿಯನ್ನು ಕೇಳುತ್ತೀರಿ: “ನೀಲಾ, ಅಡಿಗಿಮನಿಗೆ ಕೇಳಸ್ತೈತೇನ?” ಆಕೆ ಉತ್ತರ ಕೊಡಲೆಂದು ಒಂದು ಉಸಿರಿನಷ್ಟು ಜಾಗ ಬಿಟ್ಟು, ಉತ್ತರ ಬಂದೇ ಬಿಟ್ಟಿತು ಎಂಬಂತೆ, “ಆತು ಹಂಗಾರ, ಚಾ ಇಡು” ಎನ್ನುತ್ತೀರಿ. ನೀಲವ್ವ ಆಯಿ ಬೆಚ್ಚಿಬಿದ್ದು ಹಾಲು ಉಕ್ಕಿಸುತ್ತಾರೆ.

ಆ ಕಾರ್ಡಿನಲ್ಲಿದ್ದುದನ್ನೆಲ್ಲ ಮನೆಯವರು ಹೊಸ ಹೊಸ ಕಾರ್ಡಿಗೆ ಇಳಿಸುತ್ತಾ ಬಂದರು. ಪ್ರತಿ ಸಲ ಒಂದಿಷ್ಟು ಹಾಡು ಹಾಳಾದವು. ಈಗ ಉಳಿದಿರುವುದು ನಿಮ್ಮ ಪ್ರಶ್ನೆಯೊಂದೇ. ಸಂಜೆ ಪೆಟ್ಟಿಗೆ ಹಚ್ಚಿ ಒಲೆಯ ಹತ್ತಿರ ಹೋಗಿ ನಿಲ್ಲುತ್ತೇನೆ. ಈ ಇಡೀ ಗುಡ್ಡದಲ್ಲಿ ನನ್ನನ್ನು ಏನಾದರೂ ಕೇಳುವವರು ನೀವೊಬ್ಬರೇ. ನಾನು ಒಂದು ಮಾತು ಹೇಳುವುದರೊಳಗೆ ನೀವು ಚಾ ಇಡಲು ಹೇಳಿ ಮುಗಿಸಿಬಿಡುತ್ತೀರಿ. ಆಮೇಲೆ ಬರೀ ಗಾಳಿಯಂತ್ರದ ರೆಕ್ಕೆಗಳ ಸದ್ದು. ಮೊನ್ನೆ ಜ್ವರ ಬಂದಿತ್ತು ಎಂದು ಹೇಳಬೇಕಿತ್ತು. ಕಟ್ಟೆಯ ಕೆಳಗೆ ನವಿಲು ಮೊಟ್ಟೆ ಇಟ್ಟಿದೆ ಎಂದು ಹೇಳಬೇಕಿತ್ತು. ಮಾತಾಡದೆ ಮಾತಾಡದೆ ನನ್ನ ದನಿ ನನಗೇ ಯಾರದೋ ಅನಿಸುತ್ತಿದೆ, ಅದಕ್ಕೆ ಬಹಳ ಹೆದರಿಕೆಯಾಗಿದೆ ಎಂದೂ ಹೇಳಬೇಕಿತ್ತು. ಒಂದು ಉಸಿರಿನ ಜಾಗ ಅಷ್ಟಕ್ಕೆ ಸಾಲುವುದಿಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ದನಿ ಹಿಡಿಯುವ ದಿನ, ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ತಡೆಯಿರಿ. ಆಯಿಗೆ ಅಷ್ಟು ಹೊತ್ತು ಬೇಕಿಲ್ಲ, ಅವರು ಬಾಗಿಲಾಚೆಯೇ ಇದ್ದಾರೆ. ನಾನು ದೂರ ಇದ್ದೇನೆ. ಮೊಬೈಲನ್ನು ಮೇಜಿನ ಮೇಲಿಟ್ಟು, ಎದುರಿಗೆ ಯಾರೋ ಕೂತು ಕಷ್ಟಸುಖ ಹೇಳುತ್ತಿದ್ದಾರೆ ಎಂಬಂತೆ ಸುಮ್ಮನೆ ಕೂತಿರಿ. ಆಮೇಲೆ ಬೇಕಾದರೆ ಚಾ ಕೇಳಿ.

ಸಂಜೆಯಾಯಿತು, ಪೆಟ್ಟಿಗೆ ಹಚ್ಚುತ್ತೇನೆ. ಈ ಸಲ ಜಾಗ ದೊಡ್ಡದಾಗಿದ್ದರೆ ಪತ್ರ ನಿಮಗೆ ಮುಟ್ಟಿದೆ ಎಂದುಕೊಳ್ಳುತ್ತೇನೆ. ಆಗಿರದಿದ್ದರೆ ಎಂದು ಉತ್ತರವನ್ನು ಇಲ್ಲೇ ಬರೆದಿಡುತ್ತೇನೆ.

ಕೇಳಸ್ತೈತಿ ಮುತ್ಯಾ. ಚಾ ಇಟ್ಟೀನಿ.

ನಿಮ್ಮ
ಗಾಳೆವ್ವ