ಕುರಿ ಕಾಯಲು ಹಡಗು ಹತ್ತಿದವನಿಗೆ ನಿಮ್ಮ ಕಲ್ಲಿನಲ್ಲಿ ಜಾಗವಿಲ್ಲವೇ?

ಜಿಲ್ಲಾ ಯುದ್ಧ ಸ್ಮಾರಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮಹಾಯುದ್ಧದಲ್ಲಿ ಸತ್ತ ಅಕ್ಕಲಕೋಟ ತಾಲೂಕಿನ ಪ್ರತಿಯೊಬ್ಬನ ಹೆಸರನ್ನೂ ಸೊಲ್ಲಾಪುರದ ಹೊಸ ಸ್ಮಾರಕದಲ್ಲಿ ಕೆತ್ತಿಸುತ್ತೇವೆ ಎಂದಿರಿ. ಸಾವಿಗೆ ಸಾಕ್ಷಿ ತಂದರೆ ಸಾಕು ಎಂದಿರಿ. ತಂದೆವು. ಈಗ, ನಾಗಣಸೂರಿನ ಅಮೋಗಸಿದ್ಧ ಸತ್ತದ್ದು ಹೌದು, ಆದರೆ ಅವನು ಯೋಧನಲ್ಲ ಎನ್ನುತ್ತೀರಿ.

ಹೌದು, ಅವನು ಕುರಿಗಾರ. ಎರಡನೇ ಮಹಾಯುದ್ಧದಲ್ಲಿ ಸೈನಿಕರ ಊಟಕ್ಕೆ ಜೀವಂತ ಕುರಿ ಸಾಗಿಸುತ್ತಿದ್ದ ಸರಕು ಹಡಗಿನಲ್ಲಿ, ಅವುಗಳಿಗೆ ಮೇವು-ನೀರು ಹಾಕಲು ಮುಂಬಯಿಯಿಂದ ಹೊರಟವನು. ಅರಬ್ಬೀ ಸಮುದ್ರದಲ್ಲಿ ಶತ್ರುವಿನ ಜಲಾಂತರ್ಗಾಮಿ ಆ ಹಡಗನ್ನು ಸೀಳಿತು. ಬದುಕಿ ಬಂದ ಖಲಾಸಿಯೊಬ್ಬ ಅವನ ಬಸುರಿ ಹೆಂಡತಿ ರೇವಮ್ಮನಿಗೆ ಹೇಳಿದ್ದು ಇಷ್ಟೇ: "ನೀರಿಗಿ ಹಾರಿದ್ದು ನೋಡೀನವ್ವಾ, ಮುಳುಗಿದ್ದು ನೋಡಿಲ್ಲ."

ನಮ್ಮ ಕುರಿಗಾರರ ಮನೆಗಳಲ್ಲಿ ಹೆಣ ಕಾಣದವನ ದಿನಕರ್ಮ ಮಾಡುವುದಿಲ್ಲ. ಅವನ ಕಂಬಳಿಯನ್ನು ಅಮಾವಾಸ್ಯೆಗೊಮ್ಮೆ ಬೀರೋಬನ ಗುಡಿಯ ಮುಂದೆ ಬಿಸಿಲಿಗೆ ಹರವಿ, ಮಡಚಿಡುತ್ತಾರೆ. ಬಂದಾಗ ಹೊದೆಯಲಿ ಎಂದು. ರೇವಮ್ಮ ಸಾಯುವತನಕ ಹರವಿದಳು. ಆಮೇಲೆ, ತಂದೆಯ ಮುಖವನ್ನೇ ಕಾಣದ ಮಗಳು ಸುಗಲಾಬಾಯಿ ಹರವಿದಳು. ನಿಮ್ಮ ಕಚೇರಿ ಕೇಳಿತು: ಅಂತ್ಯವಿಧಿಯೇ ಆಗದಿದ್ದರೆ ಸತ್ತನೆಂದು ನಂಬುವುದು ಹೇಗೆ? ಈ ಹೆಸರಿಗಾಗಿ ಓಡಾಡುವ ಹೋರಾಟಗಾರನೆಂಬ ಹಮ್ಮಿನಲ್ಲಿ ನಾನು, ಈಗ ಮುದುಕಿಯಾದ ಆ ಮಗಳ ಬೆನ್ನು ಬಿದ್ದೆ. "ಕಂಬಳಿ ಮಣ್ಣು ಮಾಡೂಣ ಆಯಿ, ಫೋಟೊ ತೋರ್ಸಿದ್ರ ಹೆಸರು ಬರ್ತದ" ಎಂದೆ. ಹೆಣದ ಬದಲು ಕಂಬಳಿ ಹೂಳಿಸಿದೆ. ಆಕೆ ಹಿಡಿ ಮಣ್ಣು ಹಾಕುವಾಗ ಮೊಬೈಲ್ ಹಿಡಿದು "ಈ ಕಡಿ ನೋಡು" ಎಂದವನೂ ನಾನೇ.

ಆ ಫೋಟೊ ನೋಡಿ ನಿಮ್ಮ ಅಧಿಕಾರಿ ನಕ್ಕರು. "ಅಹೋ ಆಜಿ, ಕುರಿ ಕಾಯಾಂವ ಹುತಾತ್ಮ ಹ್ಯಾಂಗ ಆಗ್ತಾನ?"

ಸುಗಲಾಬಾಯಿ ಬಿಡಲಿಲ್ಲ. "ಯಾಕ್ರೀ ಸಾಹೇಬ, ಬಾಂಬು ಕುರಿ ತಿನ್ನಾವ್ರಿಗಿ ಬ್ಯಾರೆ, ಕಾಯಾವ್ರಿಗಿ ಬ್ಯಾರೆ ಇರ್ತದೇನು?"

ನಿಮ್ಮ ಕಚೇರಿಯ ಮೆಟ್ಟಿಲಿಳಿದ ಮೇಲೆ ನನ್ನತ್ತ ತಿರುಗಿದಳು: "ಎಂಬತ್ತು ವರ್ಷ ನಮ್ಮಪ್ಪ ಹಾದ್ಯಾಗಿದ್ದ. ನೀ ಕೊಂದಿ ನೋಡಪಾ."

ಮಾನ್ಯರೇ, ಜಲಾಂತರ್ಗಾಮಿಗೂ ಮುಳುಗಿಸಲಾಗದವನನ್ನು ನಾವಿಬ್ಬರು ಮುಳುಗಿಸಿದೆವು. ನೀವು ನಿಯಮ ಹಿಡಿದು, ನಾನು ಹಾರೆ ಹಿಡಿದು. ಇದಕ್ಕೂ ಒಂದು ಶೌರ್ಯ ಪದಕ ಕೊಡುತ್ತೀರಾ? ನನ್ನ ಪಾಲಿನ ಪಾಪಕ್ಕೆ ಪರಿಹಾರ ನನಗೆ ಗೊತ್ತಿಲ್ಲ. ನಿಮ್ಮ ಪಾಲಿನದಕ್ಕೆ ಕಲ್ಲಿದೆ, ಉಳಿಯಿದೆ. ಯೋಧ ಎಂದು ಸುಳ್ಳು ಬರೆಯಬೇಡಿ. 'ಅಮೋಗಸಿದ್ಧ, ಕುರಿಗಾರ, ನಾಗಣಸೂರ' ಎಂದೇ ಕೆತ್ತಿಸಿ. ಮುದುಕಿ ಬೆರಳಾಡಿಸಿ ನೋಡಲು ಒಂದು ಜಾಗ ಬೇಕು. ಇದ್ದದ್ದನ್ನು ನಾವು ಹೂತಿದ್ದೇವೆ.

ನಿಮ್ಮ ಮುಂದಿನ ಸಭೆಗೆ ಸುಗಲಾಬಾಯಿ ಒಬ್ಬಳೇ ಒಳಗೆ ಬರುತ್ತಾಳೆ. ನನ್ನ ಜೊತೆ ಬೇಡ ಎಂದಿದ್ದಾಳೆ. ನಾನು ಬಾಗಿಲಾಚೆ ನಿಂತಿರುತ್ತೇನೆ. ಬರುವ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ.

ಇಂತಿ,
ಆಕೆಯ ಮನೆ ಮುಂದೆ ಹಾಯಲು ಧೈರ್ಯವಿಲ್ಲದೆ ಸುತ್ತಿನ ದಾರಿ ಹಿಡಿಯುವ
ಗುರುಸಿದ್ಧ, ನಾಗಣಸೂರ