ಖೋ ಕೇಳುವವರೆಗೆ

ಮಗಳೇ ಚೈತ್ರಾ,

ಒಂದೇ ಮನೆಯಲ್ಲಿದ್ದುಕೊಂಡು ಅತ್ತೆ ಪತ್ರ ಬರೆದಿದ್ದಾಳಲ್ಲ, ಇವಳಿಗೇನಾಯಿತು ಎಂದು ಗಾಬರಿಯಾಗಬೇಡ. ಎದುರಿಗೆ ಹೊಗಳುವುದು ನನಗೆ ಬರುವುದಿಲ್ಲ. ಬಾಯಿ ತೆರೆದರೆ ಬೈಗುಳವೇ ಮೊದಲು ಬರುತ್ತದೆ, ಅದು ನಿನಗೂ ಗೊತ್ತು, ಹೆಗ್ಗನಹಳ್ಳಿಯ ನಮ್ಮ ಇಡೀ ಬೀದಿಗೂ ಗೊತ್ತು. ಅದಕ್ಕೇ ನಾಳೆ ಮ್ಯಾಚಿಗೆ ಒಯ್ಯುವ ನಿನ್ನ ಚೀಲದಲ್ಲಿ, ಶೂಗಳ ಪಕ್ಕ ಇದನ್ನು ಇಡುತ್ತಿದ್ದೇನೆ.

ನಿಮ್ಮ ಮದುವೆಯಾದ ಹೊಸದರಲ್ಲಿ ಭೈರೇಶ ನನ್ನನ್ನು ವಿಜಯನಗರದ ಮೈದಾನಕ್ಕೆ ಕರೆದುಕೊಂಡು ಬಂದಿದ್ದ, ನಿನ್ನ ಖೋಖೋ ನೋಡಲು. ಸಾಲಾಗಿ ಕುಕ್ಕರಗಾಲಲ್ಲಿ ಕೂತವರು ಬೆನ್ನ ಹಿಂದೆ ಖೋ ಎನ್ನುವವರೆಗೆ ಏಳುವ ಹಾಗಿಲ್ಲ ಎಂದು ನನಗೆ ತಿಳಿದದ್ದು ಅವತ್ತೇ. ನೀನು ಮಾತ್ರ ಖೋ ಬೀಳುವ ಮೊದಲೇ ಎದ್ದುಬಿಡುತ್ತಿದ್ದೆ. ಫೌಲ್ ಎಂದು ಸೀಟಿಯ ಮೇಲೆ ಸೀಟಿ. ‘ಯಾಕೋ ಇವ್ಳಿಗಿಷ್ಟು ಆತ್ರ?’ ಅಂದೆ. ‘ಅವಳು ಇರೋದೇ ಹಂಗೆ ಕಣಮ್ಮ’ ಅಂದ ಅವನು, ನಗುತ್ತಾ.

ತೊಡೆಯ ಹಿಂದಿನ ಸ್ನಾಯು ಹರಿದಾಗಲೂ ನೀನು ಮಾಡಿದ್ದು ಅದನ್ನೇ. ನೋವು ತಗ್ಗಿದ್ದೇ ತಡ, ಯಾರಿಗೂ ಹೇಳದೆ ಓಡಲು ಹೋದೆ. ಅದೇ ಜಾಗ ಮತ್ತೆ ಹರಿಯಿತು. ಆಟೋ ಇಳಿದು ನನ್ನ ಹೆಗಲ ಮೇಲೆ ಕೈ ಹಾಕಿ ಒಳಗೆ ಬಂದವಳು, ‘ಅತ್ತೆ, ನಾನಿನ್ನು ಆಡಕ್ಕಾಗಲ್ವೇನೋ’ ಅಂದೆ. ಇನ್ನೊಂದು ಸಲ ಹರಿದರೆ ಆಟ ಮರೆತುಬಿಡಿ ಎಂದು ಫಿಸಿಯೋಥೆರಪಿಯ ಹುಡುಗಿಯೂ ಖಡಾಖಂಡಿತವಾಗಿ ಹೇಳಿದಳು.

ಆಮೇಲಿನ ತಿಂಗಳುಗಳ ಬಗ್ಗೆಯೇ ನಾನು ಬರೆಯಬೇಕೆಂದಿದ್ದು. ಕಾಲು ಮುರಿದರೆ ಪ್ಲಾಸ್ಟರ್ ನೋಡಿ ಜನ ಅಯ್ಯೋ ಅನ್ನುತ್ತಾರೆ. ನಿನ್ನದು ಹೊರಗೆ ಕಾಣದ ಗಾಯ. ನನ್ನ ತಮ್ಮ ಉಗ್ರಪ್ಪ ಬಂದು ಕಾಫಿ ಕುಡಿದು, ‘ನೋಡಕ್ಕೆ ಚೆನ್ನಾಗೇ ಅವ್ಳಲ್ಲಕ್ಕ, ಇನ್ನೇನಂತೆ ನೋವು?’ ಅಂದ. ಅದು ನಿನ್ನ ಕಿವಿಗೂ ಬಿತ್ತು. ನಾನು ಅನ್ನುವುದನ್ನೆಲ್ಲ ಅಂದು ಕಳಿಸಿದೆ, ಅದು ಬೇರೆ ಮಾತು. ನೀನು ಚಾಪೆಯ ಮೇಲೆ ಮಲಗಿ ಸೊಂಟ ಎತ್ತುವುದು, ಇಳಿಸುವುದು. ದಿನವೂ ಅದೇ ವ್ಯಾಯಾಮ. ನೋಡುವ ನನಗೇ ಬೇಜಾರಾಗುತ್ತಿತ್ತು.

ರಾಜ್ಯ ತಂಡದ ಆಯ್ಕೆಯ ಬೆಳಿಗ್ಗೆ ನಿಮ್ಮ ಕ್ಯಾಪ್ಟನ್ ಕೀರ್ತನಾ ಫೋನ್ ಮಾಡಿದಳು. ಒಗ್ಗರಣೆ ಹಾಕುತ್ತಿದ್ದ ನನಗೂ ಕೇಳಿಸಿತು. ‘ಒಂದೇ ಒಂದು ಟರ್ನ್ ಆಡೇ. ನೋವಿನ ಮಾತ್ರೆ ತಗೊಂಡು ಬಾ, ಸಾಕು.’ ಆ ಆಯ್ಕೆಗಾಗಿ ನೀನು ಎಷ್ಟು ವರ್ಷ ಒದ್ದಾಡಿದ್ದೆಯೋ ನನಗೆ ಗೊತ್ತಿತ್ತು. ಹೊರಟೇಬಿಡುತ್ತೀಯ ಎಂದುಕೊಂಡು ಸೌಟು ಹಿಡಿದೇ ನಿಂತೆ. ‘ಇಲ್ಲ ಕಣೇ, ಕಾಲು ಇನ್ನೂ ಹೂಂ ಅಂದಿಲ್ಲ’ ಅಂದೆ ನೀನು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ. ನನಗೆ ಕೇಳಿಸಲಿಲ್ಲ ಎಂದುಕೊಂಡಿದ್ದೀಯ. ಅವತ್ತು ನಿನ್ನ ಮೇಲೆ ಬಂದ ಹೆಮ್ಮೆ, ನೀನು ಕಪ್ ಗೆದ್ದು ತಂದಿದ್ದರೂ ಬರುತ್ತಿರಲಿಲ್ಲ.

ಈ ಚಳಿಗಾಲದಲ್ಲಿ ನಾನು ಅವರೆಕಾಯಿ ಸುಲಿಯುವಾಗ ನೀನು ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತೆ. ಮಾತಾಡುತ್ತಾ ಮೊರ ತುಂಬಿತು. ಗೋಡೆ ಹಿಡಿಯದೆ, ಮಂಡಿಗೆ ಕೈ ಊರದೆ, ಮೊರ ಎತ್ತಿಕೊಂಡು ಎದ್ದು ಹೋದೆ. ಎದ್ದದ್ದು ನಿನಗೇ ಗೊತ್ತಾಗಲಿಲ್ಲ. ‘ಯಾಕತ್ತೆ, ಕಣ್ಣಲ್ಲಿ ನೀರು?’ ಎಂದು ವಾಪಸ್ ಬಂದು ಕೇಳಿದೆ. ‘ಅವರೆ ಸೊಗಡು ಕಣ್ಣಿಗೆ ತಾಗ್ತು’ ಅಂದೆ ನಾನು. ಅದು ಸುಳ್ಳು ಕಣೇ.

ಈಗ ಫಿಸಿಯೋದ ಹುಡುಗಿಯೂ ಒಪ್ಪಿದ್ದಾಳೆ. ನಾಳೆ ನಾನೂ ಮೈದಾನಕ್ಕೆ ಬರುತ್ತೇನೆ, ಉಗ್ರಪ್ಪನನ್ನೂ ಎಳೆದುಕೊಂಡು ಬರುತ್ತೇನೆ. ಗೆಲ್ಲುವುದು ಸೋಲುವುದು ನಿಮಗೆ ಬಿಟ್ಟದ್ದು. ಇಷ್ಟು ತಿಂಗಳು ನಿನ್ನ ಬೆನ್ನ ಹಿಂದೆ ನಿಂತು, ‘ಕೂತ್ಕೋ, ಅವಸರ ಮಾಡ್ಬೇಡ’ ಎಂದೇ ಹೇಳಿದವಳು ನಾನು. ಈಗ ಅದೇ ಬಾಯಲ್ಲಿ ಹೇಳುತ್ತಿದ್ದೇನೆ.

ಖೋ, ಮಗಳೇ. ಏಳು.

ಓಡುವ ಆ ಕಾಲಿಗೆ ನನ್ನ ದೃಷ್ಟಿಯೂ ತಾಗದಿರಲಿ ಎಂದು ಹರಸುವ,
ನಿನ್ನ ಅತ್ತೆ
ಲಿಂಗಮ್ಮ