ಆ ಹದಿನಾಲ್ಕು ನಿಮಿಷ

ಬೇಟಾ ಮಹಾಮಾಯಾ,

ಭಾಲ್ಕಿಯಿಂದ ಟ್ರ್ಯಾಕ್ಟರ್ ಡ್ರೈವರ್ ಬದ್ರೋದ್ದೀನ ಕಾಕಾ ಬರೆಯುತ್ತಿದ್ದೇನೆ. ಕಾಗುಣಿತ ನನ್ನ ಮಗಳು ಸಾನಿಯಾ ತಿದ್ದಿದ್ದಾಳೆ, ಮಾತು ನನ್ನದೇ.

ಕಳೆದ ತಿಂಗಳು ಔರಾದದಲ್ಲಿ ನಿಮ್ಮ ಶಾಲೆಯ ಕಾರ್ಯಕ್ರಮಕ್ಕೆ ನನ್ನನ್ನು ಕರೆದು ಶಾಲು ಹೊದಿಸಿದರು. ಕಬ್ಬಿನ ಗಾಡಿ ಕೆಡವಿ ಕೂಸಿನ ಜೀವ ಉಳಿಸಿದವ ಎಂದು ಹೊಗಳಿದರು. ನೀನು ವೇದಿಕೆ ಹತ್ತಿ ಬಂದು ನನ್ನ ಕಾಲು ಮುಟ್ಟಿದೆ. "ಕಾಕಾ, ನೀವು ಇರ್ಲಿಲ್ಲಂದ್ರ ನಾ ಇರ್ತಿರ್ಲಿಲ್ಲಂತ, ಟೀಚರ್ ಹೇಳ್ಯಾರ್ರಿ" ಎಂದೆ. ನಾನು ನಿನ್ನ ತಲೆ ಸವರಿ, ಬಾಯಿಬಿಡದೆ ಇಳಿದು ಬಂದೆ. ನಿಮ್ಮ ಟೀಚರ್ ಹೇಳಿದ್ದು ಸುಳ್ಳಲ್ಲ, ಆದರೆ ಅದು ಅರ್ಧ. ಉಳಿದರ್ಧವನ್ನು ನಾನೇ ಹೇಳಬೇಕು.

ಹನ್ನೊಂದು ವರ್ಷದ ಹಿಂದೆ, ಜನವರಿಯ ಒಂದು ಮಧ್ಯಾಹ್ನ. ಔರಾದ ಕಡೆಯ ಹೊಲದಿಂದ ಎರಡು ಟ್ರಾಲಿ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೊರಟಿದ್ದೆ. ಆಗ ನನಗೆ ದೊಡ್ಡ ಸ್ಪೀಕರ್‌ಗಳ ಹುಚ್ಚು. ನನ್ನ ಗಾಡಿ ಬರುವುದು ಮುಂದಿನ ಊರಿಗೆ ಮೊದಲೇ ಗೊತ್ತಾಗಬೇಕು ಎಂಬ ದೌಲತ್ತು. ಹಿಂದೆ ನೋಡುವ ಕನ್ನಡಿ ಒಡೆದು ಎಷ್ಟೋ ದಿನವಾಗಿತ್ತು. ಹಿಂದಿನವರ ಚಿಂತೆ ನನಗೇಕೆ ಎಂದು ಹಾಕಿಸಿರಲಿಲ್ಲ.

ಸಂತಪೂರ ದಾಟಿದ ಮೇಲೆ ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಬಲಗಡೆ ಉದ್ದಕ್ಕೂ ಜಲ್ಲಿ ಖಡಿಯ ರಾಶಿ. ಎಡಗಡೆ ಕಪ್ಪು ಮಣ್ಣಿನ ಇಳಿಜಾರು. ಉಳಿದಿದ್ದ ಡಾಂಬರಿನ ನಡುವೆ ನಾನೇ ರಾಜ. ಹಾಡು ಕೇಳುತ್ತ, ತಲೆ ಕುಣಿಸುತ್ತ ಹೋಗುತ್ತಿದ್ದೆ.

ಒಬ್ಬ ಬೈಕಿನವನು ಖಡಿಯ ಅಂಚಿನಿಂದ ಹೇಗೋ ನುಸುಳಿ ಬಂದು ನನ್ನ ಮುಂದೆಯೇ ಗಾಡಿ ಅಡ್ಡ ಹಾಕಿದ. ಅಶ್ವಜಿತ ಅಂತ, ಕಮಲನಗರದವನು. ಆಮೇಲೆ ಹೆಸರು ತಿಳಿಯಿತು. ಅಂದು ಅವನ ಬಾಯಿ ಅಲ್ಲಾಡುವುದಷ್ಟೇ ಕಂಡಿತು. ಹಾಡು ನಿಲ್ಲಿಸಿದ ಮೇಲೆ ಕೇಳಿಸಿತು:

"ಏ ಭೈಯ್ಯಾ, ಹಿಂದ ಆಂಬುಲೆನ್ಸ್ ಬಾಯಿ ಬಡ್ಕೊಳ್ಳಕತ್ತದ! ಕಿವಿ ಅದಾವೋ ಇಲ್ಲೋ ನಿನಗ?"

ಇಳಿದು ಹಿಂದಕ್ಕೆ ಓಡಿದೆ. ಆಂಬುಲೆನ್ಸ್ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಹದಿನಾಲ್ಕು ನಿಮಿಷ ಆತು ನಿನ್ನ ಬೆನ್ನ ಹತ್ತಿ. ಹದಿನಾಲ್ಕು ನಿಮಿಷ!" ಎಂದ. ಒಳಗೆ ನರ್ಸಿನ ಕೈಯಲ್ಲಿ ನೀನಿದ್ದೆ. ಏಳೇ ತಿಂಗಳಿಗೆ ಹುಟ್ಟಿ ಎರಡು ತಾಸಾಗಿತ್ತು. ನಿನ್ನನ್ನು ಬೀದರಿನ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದರು. ನನ್ನ ಅಂಗೈಯಷ್ಟು ಇದ್ದೆ, ತುಟಿ ನೀಲಿಗಟ್ಟಿದ್ದವು. ಹೆತ್ತ ನಿನ್ನ ಅವ್ವ ಔರಾದದ ಆಸ್ಪತ್ರೆಯಲ್ಲೇ ಉಳಿದಿದ್ದಳು, ಪಕ್ಕದಲ್ಲಿ ನಿನ್ನ ಅಜ್ಜಿ ಅನುಸೂಯಾಬಾಯಿ. ಆಕೆ ಸೆರಗಿನಿಂದ ನಿನ್ನ ಪಾದ ಮುಚ್ಚುತ್ತ ನನ್ನನ್ನು ನೋಡಿದಳು.

ಮುಂದೆ ಒಂದು ಮೈಲಿ ಗಾಡಿ ಬದಿಗೆ ಹಾಕಲು ಜಾಗವಿರಲಿಲ್ಲ. ನಾನು ಹತ್ತಿ ಸ್ಟೇರಿಂಗ್ ಎಡಕ್ಕೆ ತಿರುಗಿಸಿ ಟ್ರ್ಯಾಕ್ಟರನ್ನು ಇಳಿಜಾರಿಗೆ ಬಿಟ್ಟೆ. ಹಿಂದಿನ ಟ್ರಾಲಿ ಮಗುಚಿ ಬಿತ್ತು, ಕಬ್ಬೆಲ್ಲ ಹೊಲದ ಪಾಲಾಯಿತು. ಆಂಬುಲೆನ್ಸ್ ಹೋಯಿತು. ಅಶ್ವಜಿತ ಎದುರಿನ ಲಾರಿಗಳನ್ನು ತಡೆಯುತ್ತ ಅದರ ಮುಂದೆ ಮುಂದೆ ಬೈಕ್ ಓಡಿಸಿದ.

ಯಾರೋ ಮಗುಚಿದ ಟ್ರಾಲಿಯ ಫೋಟೋ ತೆಗೆದು ಮೊಬೈಲಿನಲ್ಲಿ ಊರೂರಿಗೆ ಹಂಚಿದರು. ನಾನು ಪುಣ್ಯವಂತನಾದೆ. ಹದಿನಾಲ್ಕು ನಿಮಿಷದ ಮಾತು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರನೆಯ ದಿನ ತಡೆಯಲಾಗದೆ ಬೀದರಿಗೆ ಹೋದೆ. ಕೂಸುಗಳ ವಾರ್ಡಿನ ಹೊರಗೆ ನಿನ್ನ ಅಜ್ಜಿ ಕುಳಿತಿದ್ದಳು. ಕೈಮುಗಿದು ನಿಂತೆ. ಆಕೆ ಅಂದದ್ದು ಇಷ್ಟು: "ಕೂಸು ಉಸಿರಾಡ್ಲತ್ತದ. ಆದ್ರ ತಮ್ಮಾ, ಆಂಬುಲೆನ್ಸ್‌ನ್ಯಾಗ ಕುಂತು ನಿನ್ನ ಹಾಡು ಕೇಳೀನಿ. ಕಣ್ಣು ಮುಚ್ಚಿದ್ರ ಅದೇ ಕೇಳ್ತದ. ಇಕಿ ದೊಡ್ಡಾಕಿ ಆದ ಮ್ಯಾಲ ಇದನ್ನ ನೀನೇ ಹೇಳ್ಬೇಕು. ನಾ ಹೇಳಂಗಿಲ್ಲ." ಆಕೆ ಮಾತಿಗೆ ತಪ್ಪಲಿಲ್ಲ. ತಪ್ಪಿದವನು ನಾನು.

ನಿನ್ನ ಬಲಗಾಲು ಸ್ವಲ್ಪ ಎಳೆಯುತ್ತದೆ ಎಂದು ನೀನು ನಡೆಯಲು ಕಲಿತ ವರ್ಷ ನಿಮ್ಮೂರಿನವರಿಂದ ತಿಳಿಯಿತು. ಅದು ನನ್ನಿಂದಲೋ, ತಿಂಗಳು ತುಂಬದೆ ಹುಟ್ಟಿದ್ದರಿಂದಲೋ ಎಂದು ಬೀದರಿಗೆ ಹೋಗಿ ಡಾಕ್ಟರನ್ನು ಕೇಳಿದ್ದೆ. "ಹೇಳಾಕ ಬರಂಗಿಲ್ಲ" ಎಂದರು. ನನ್ನಿಂದಲ್ಲ ಎಂದಿದ್ದರೆ ನಿದ್ದೆ ಬರುತ್ತಿತ್ತು. ನನ್ನಿಂದ ಎಂದಿದ್ದರೆ ಅಂದೇ ನಿನ್ನ ಮನೆಯ ಹೊಸ್ತಿಲಲ್ಲಿ ಬಿದ್ದಿರುತ್ತಿದ್ದೆ. ಎರಡೂ ಅಲ್ಲದ ಉತ್ತರ ಹೊತ್ತುಕೊಂಡು ಬದುಕಿದ್ದೇನೆ.

ಸುಮ್ಮನೆ ಕೂತಿಲ್ಲ, ಬೇಟಾ. ಸ್ಪೀಕರ್ ಕಿತ್ತೆ, ಎರಡು ದೊಡ್ಡ ಕನ್ನಡಿ ಹಾಕಿಸಿದೆ. ಕಬ್ಬಿನ ಹಂಗಾಮು ಶುರುವಾದಾಗ ಕಾರ್ಖಾನೆಯ ಅಂಗಳದಲ್ಲಿ ಗಾಡಿಗಳು ಸಾಲು ನಿಲ್ಲುತ್ತವಲ್ಲ, ಅಲ್ಲಿ ಹೋಗಿ ಡ್ರೈವರ್‌ಗಳಿಗೆ ಹೇಳತೊಡಗಿದೆ. ಮೊದಮೊದಲು ನಕ್ಕರು. "ಹಾಡಿಲ್ದ ನಿದ್ದಿ ಬರ್ತದೋ ಚಾಚಾ" ಎಂದರು. ಟ್ರಾಲಿ ಕೆಡವಿದ ಕಥೆ ಹೇಳಿದರೆ ಚಪ್ಪಾಳೆ ತಟ್ಟಿ ಮರೆಯುತ್ತಿದ್ದರು. ನಿಮ್ಮ ಶಾಲೆಯಿಂದ ಬಂದ ವಾರ, ಮೊದಲ ಸಲ ಅವರ ಮುಂದೆ ನಿನ್ನ ತುಟಿಯ ಬಣ್ಣ ಹೇಳಿದೆ, ನನ್ನ ಹದಿನಾಲ್ಕು ನಿಮಿಷ ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಒಬ್ಬ ಎದ್ದು ಹೋಗಿ ತನ್ನ ಗಾಡಿಯ ಕನ್ನಡಿ ಒರೆಸಿದ.

ಮೊನ್ನೆ ಶುಕ್ರವಾರ ಭಾಲ್ಕಿ ರಸ್ತೆಯಲ್ಲಿ ನಾವು ಆರು ಗಾಡಿ ಸಾಲಾಗಿ ಹೋಗುತ್ತಿದ್ದೆವು, ನಾನು ಎಲ್ಲರಿಗಿಂತ ಮುಂದೆ. ಹಿಂದೆ ಸೈರನ್ ಕೇಳಿತು. ನಾನು ಪೆಟ್ರೋಲ್ ಬಂಕಿನ ಅಂಗಳಕ್ಕೆ ತಿರುಗಿಸಿ ಕನ್ನಡಿಯಲ್ಲಿ ನೋಡಿದೆ. ಎರಡನೆಯವನು ತಿರುಗಿದ, ಮೂರನೆಯವನು ತಿರುಗಿದ, ಕೊನೆಯವನು ದೂರದಲ್ಲೇ ಬದಿಗೆ ನಿಂತು ಕೈಬೀಸುತ್ತಿದ್ದ. ಬೈಕುಗಳು, ಜೀಪು, ಒಂದು ಬಸ್ಸು, ಎಲ್ಲ ಅಂಚು ಹಿಡಿದವು. ಆಂಬುಲೆನ್ಸ್ ಒಮ್ಮೆಯೂ ಬ್ರೇಕ್ ಹಾಕದೆ ಬೀದರಿನ ಕಡೆ ಹೋಯಿತು. ಒಳಗೆ ಯಾರಿದ್ದರೋ ಗೊತ್ತಿಲ್ಲ. ಸೀಟಿನಲ್ಲಿ ಕೂತು ಅತ್ತುಬಿಟ್ಟೆ, ಬಹಳ ವರ್ಷದ ಮೇಲೆ ಖುಷಿಯಿಂದ. ಮನೆಗೆ ಬಂದು ಈ ಕಾಗದ ಶುರು ಮಾಡಿದೆ.

ಮಾಫಿ ಕೊಡು ಎಂದು ಕೇಳುವುದಿಲ್ಲ. ಹನ್ನೊಂದು ವರ್ಷದ ಹುಡುಗಿಯ ತಲೆ ಮೇಲೆ ಆ ಭಾರ ಹಾಕಬಾರದು. ಇದನ್ನು ಓದಿ ನಿನಗೆ ಸಿಟ್ಟು ಬಂದರೆ ನುಂಗಿಕೊಳ್ಳಬೇಡ. ಅಜ್ಜಿಯ ಕೈಹಿಡಿದು ಭಾಲ್ಕಿಯ ನಮ್ಮ ಮನೆಗೆ ಬಾ, ಮನಸ್ಸಿಗೆ ಬಂದಷ್ಟು ಬೈ. ನಾನು ಎದುರಾಡುವುದಿಲ್ಲ. ಆದರೆ ಬೈದು ಮುಗಿದ ಮೇಲೆ ಉಪವಾಸ ಹೋಗಬೇಡ, ನಿನ್ನ ಕುಲಸುಮಬೀ ಕಾಕಿ ಬಿಸಿ ರೊಟ್ಟಿ ಮಾಡಿಡುತ್ತಾಳೆ.

ನೂರು ವರ್ಷ ಬಾಳು ಬೇಟಾ. ನೀನು ಹೊರಟ ದಾರಿಯೆಲ್ಲ ನಿನಗಾಗಿ ತೆರೆದಿರಲಿ ಎಂದು ದುವಾ ಮಾಡುವ,

ನಿನ್ನ ಕಾಕಾ,
ಬದ್ರೋದ್ದೀನ